ಮಾತು ಕೇಳುವುದು

ಧರ್ಮಗ್ರಂಥವನ್ನು ಆಡುಮಾತಿಗೆ ತರುವ ಸಮಿತಿಯಲ್ಲಿ ನಾನು ಹನ್ನೊಂದು ವರ್ಷ ಗ್ರೀಕ್ ಮೂಲದೊಂದಿಗೆ ತಾಳೆ ನೋಡುವ ಕೆಲಸ ಮಾಡಿದೆ. ಅನುವಾದಕರಲ್ಲಿ ಒಬ್ಬನಿಗೆ ‘ಅಲ್ಪವಿರಾಮ’ ಎಂಬ ಅಡ್ಡಹೆಸರಿತ್ತು. ಅಚ್ಚುಕೂಟದಲ್ಲಿ ಕರಡು ತಿದ್ದಿ ತಿದ್ದಿ, ಮಾತನಾಡುವಾಗಲೂ ನಡುನಡುವೆ ತಡೆದು ನಿಲ್ಲುತ್ತಿದ್ದ. ಮದುವೆಯಾಗಿರಲಿಲ್ಲ. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅಕ್ಕನೊಂದಿಗಿದ್ದ.

ಆರು ವರ್ಷದ ಹಿಂದೆ ಅಕ್ಕನ ಕಿವಿ ಪೂರ್ತಿ ಹೋಯಿತು. ದೇವರು ಕೈಬಿಟ್ಟನೆಂದು ಅವಳು ಪ್ರಾರ್ಥನೆಯನ್ನೇ ನಿಲ್ಲಿಸಿದಳು. ಜನ ಪಾಪದ ಊಳಿಗ ಬಿಟ್ಟು ದೇವರಿಗೆ ವಿಧೇಯರಾಗುವ ಭಾಗವನ್ನು ಅವನು ಹಟ ಹಿಡಿದು ಪಡೆದದ್ದು ಅವಳಿಗಾಗಿಯೇ. ತಿಳಿಯುವ ಹಾಗೆ ಬರೆದರೆ ಮತ್ತೆ ಪ್ರಾರ್ಥಿಸುತ್ತಾಳೆಂದು ನಂಬಿದ್ದ.

‘ವಿಧೇಯತೆ’ಯನ್ನು ಹೊಡೆದುಹಾಕಿ ‘ಮಾತು ಕೇಳುವುದು’ ಎಂದು ಬರೆದ. ನಾನೂ ಮೆಚ್ಚಿದೆ. ಗ್ರೀಕಿನಲ್ಲಿಯೂ ಆ ಪದದ ಬೇರು ಕೇಳುವುದೇ.

ಅಚ್ಚಿಗೆ ಮುಂಚೆ ಸಾಮಾನ್ಯ ಓದುಗರು ಅದನ್ನು ಓದಿ ತಮ್ಮ ಮಾತಿನಲ್ಲಿ ಹೇಳಬೇಕು, ಸಮಿತಿಯವರೊಬ್ಬರು ಎದುರಿಗಿರಬೇಕು. ಅಕ್ಕನ ಸರದಿಗೆ ನಾನು ಹೋದೆ. ಅವಳು ಅಡುಗೆಮನೆಯ ಮೇಜಿನ ಮೇಲೆ ಹಾಳೆ ಹರಡಿ ಬೆರಳಿಟ್ಟು ಓದಿದಳು.

“ಏನೋ ಅಲ್ಪವಿರಾಮ, ಇಷ್ಟು ಗೀಚೋಕೆ ಎರಡು ವರ್ಷ ಬೇಕಾಯ್ತಾ?” ಎಂದು ನಕ್ಕಳು. ಮತ್ತೊಮ್ಮೆ ಓದಿದಳು. ನಗು ನಿಂತಿತು.

“ದೇವರ ಮಾತು ಕೇಳೋರು ಅವನ ಕಡೆ, ಕೇಳದೋರು ಪಾಪದ ಆಳು. ಅಲ್ವೇನೋ?”

ಅವನು ಹೌದೆಂದು ತಲೆಯಾಡಿಸಿದ.

“ನಾನು ಅಮ್ಮನ ಮಾತು ಕೇಳಲಿಲ್ಲ. ‘ನಿನಗೆ ಕಿವಿ ಕೇಳಲ್ವೇನೇ’ ಅಂತ ಬೈತಾನೇ ಹೋದ್ಳು. ಅವತ್ತು ಕೇಳಲಿಲ್ಲ, ಇವತ್ತು ಕೇಳಲ್ಲ. ಸರಿಯಾಗೇ ಬರೆದಿದೀಯ ಕಣೋ.”

ಅವನು ಗಡಿಬಿಡಿಯಲ್ಲಿ ಹಾಳೆಯ ಅಂಚಿನಲ್ಲಿ ಬರೆದು ತೋರಿಸಿದ: ‘ಅದು ಬರೀ ನುಡಿಗಟ್ಟು ಅಕ್ಕ. ಕಿವಿಗೂ ಅದಕ್ಕೂ ಸಂಬಂಧವಿಲ್ಲ.’

“ದೇವರ ಪುಸ್ತಕದಲ್ಲಿ ಬರೀ ಮಾತು ಇರುತ್ತಾ?”

ಅವನು ‘ಮಾತು ಕೇಳುವುದು’ ಎಂಬುದನ್ನು ಹೊಡೆದು ‘ಹೇಳಿದಂತೆ ನಡೆಯುವುದು’ ಎಂದು ತಿದ್ದಿದ. ಅಕ್ಕ ಪೆನ್ಸಿಲ್ ಕಿತ್ತುಕೊಂಡಳು.

“ನನ್ನ ಸಮಾಧಾನಕ್ಕೆ ಅದನ್ನ ತಿದ್ದಬೇಡ. ಆ ಪಾಪ ಬೇರೆ ಯಾಕೆ?” ಎಂದು ತಿದ್ದುಪಡಿಯನ್ನು ತಾನೇ ಅಳಿಸಿ, ಒಲೆ ಹಚ್ಚಲು ಎದ್ದಳು.

ನನ್ನ ನಮೂನೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ: ‘ಓದುಗರಿಗೆ ಅರ್ಥವಾಯಿತೇ?’ ನಾನು ‘ಆಯಿತು’ ಎಂದು ಬರೆದೆ. ಬೇರೆ ನಾಲ್ವರು ಓದುಗರಿಗೂ ಆಗಿತ್ತು. ಸಮಿತಿ ಚರ್ಚೆಯಿಲ್ಲದೆ ಒಪ್ಪಿತು. ಬದಲಾಯಿಸಿ ಎಂದು ಅವನು ಎರಡು ಪತ್ರ ಬರೆದ. ಬದಲಾಯಿಸಲು ಕಾರಣವಿಲ್ಲವೆಂದು ಉತ್ತರಿಸಿದವಳು ನಾನೇ.

ಪುಸ್ತಕ ಹೊರಬರುವ ಹೊತ್ತಿಗೆ ಅಕ್ಕ ತೀರಿಕೊಂಡಿದ್ದಳು, ಪ್ರಾರ್ಥಿಸದೆ. ಅವನು ಸಮಿತಿ ಬಿಟ್ಟ. ಈಗ ಔಷಧಿ ಡಬ್ಬಿಗಳ ಮೇಲಿನ ಚೀಟಿಗಳ ಕರಡು ತಿದ್ದುತ್ತಾನಂತೆ.