ಅಂಚೆಯವಳಿಗಾಗಿ ಕೊಯ್ದ ಹುಲ್ಲು

ಐದು ವರ್ಷಗಳ ಹಿಂದಿನ ಮಾತು. ಆಗ ನಾನು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಸರ್ಕಾರದ ಕೃಷಿ ಸಹಾಯಧನ ವಿಭಾಗದ ಫೀಲ್ಡ್ ಆಫೀಸರ್. ಧಾರವಾಡದಲ್ಲಿ ಕೃಷಿ ಪದವಿ ಮುಗಿಸಿ, ಡಾಕ್ಟರ್ ಗಂಡನ ಹಿಂದೆ ಈ ದೇಶಕ್ಕೆ ಬಂದವಳು. ಗುಡ್ಡದ ಫಾರ್ಮ್‌ಗಳಿಗೆ ಒಬ್ಬಳೇ ಕಾರಿನಲ್ಲಿ ಹೋಗಿ ಅಳತೆ ತೆಗೆದು ಬರುವುದು ನನ್ನ ಕೆಲಸ. ಗಂಡನ ಆಸ್ಪತ್ರೆಯ ಪಾಳಿ ನನ್ನ ವೇಳೆಗೆ ಹೊಂದುತ್ತಿರಲಿಲ್ಲ. ಕೆಲವು ದಿನ ಕಾರಿನಲ್ಲಿ ದಾರಿ ಹೇಳುವ ಸ್ಯಾಟ್‌ನ್ಯಾವ್ ಬಿಟ್ಟರೆ ನನ್ನೊಡನೆ ಯಾರೂ ಮಾತಾಡುತ್ತಿರಲಿಲ್ಲ.

ಸಹಾಯಧನದ ಯೋಜನೆ ಸರಳವಾಗಿತ್ತು. ಹೂವು ಬೀಜ ಕಟ್ಟುವವರೆಗೆ, ನೆಲದಲ್ಲಿ ಗೂಡು ಮಾಡುವ ಹಕ್ಕಿಗಳ ಮರಿ ಹಾರುವವರೆಗೆ, ಅಂದರೆ ಜುಲೈ ಮಧ್ಯದ ತನಕ ರೈತ ಹುಲ್ಲು ಕೊಯ್ಯಬಾರದು. ತಡವಾಗಿ ಕೊಯ್ದ ಹುಲ್ಲಿನಲ್ಲಿ ಸತ್ವ ಕಡಿಮೆ. ಆ ನಷ್ಟವನ್ನು ಸರ್ಕಾರ ತುಂಬಿಕೊಡುತ್ತದೆ.

ಜೂನ್‌ನಲ್ಲಿ ಉಪಗ್ರಹ ಚಿತ್ರವೊಂದು ನನ್ನ ಮೇಜಿಗೆ ಬಂತು. ಹ್ಯಾರಲ್ಡ್ ಎಂಬ ಹಿರಿಯ ರೈತರ ಹುಲ್ಲುಗಾವಲಿನ ನಡುವೆ ಹುಲ್ಲು ಕೊಯ್ದಂತೆ ಒಂದು ಗೆರೆ ಕಾಣುತ್ತಿತ್ತು. ಅವರಿಗೆ ಹಿಂದೊಮ್ಮೆ ಬೇರೆ ತಪ್ಪಿಗೆ ಎಚ್ಚರಿಕೆ ಪತ್ರ ಹೋಗಿತ್ತು. ಎರಡನೆಯದಾದರೆ ಸಹಾಯಧನದ ಒಪ್ಪಂದ ರದ್ದು, ಒಪ್ಪಂದ ಹೋದರೆ ಅವರು ಕುರಿಗಳನ್ನು ಮಾರಲೇಬೇಕು.

ಮರುದಿನವೇ ಹೋಗಿ ಅಳೆದೆ. ಮನೆಬಾಗಿಲಿನಿಂದ ರಸ್ತೆಯ ಗೇಟಿನವರೆಗೆ ನೂರೆಂಬತ್ತು ಮೀಟರ್ ಉದ್ದ, ಒಂದು ಮೀಟರ್ ಅಗಲ, ಕತ್ತರಿಯಲ್ಲಿ ಕತ್ತರಿಸಿದಷ್ಟು ನೀಟು.

"ಇದನ್ನ ಯಾಕೆ ಕೊಯ್ದಿರಿ?" ಎಂದು ಕೇಳಿದೆ.

ಅವರು ಸುಳ್ಳು ಹುಡುಕಲಿಲ್ಲ. "ಅಂಚೆಯವಳಿಗೆ. ಗಾಡಿ ದಾರಿ ಗುಡ್ಡ ಸುತ್ತಿ ಬರುತ್ತೆ, ಅವಳಿಗೆ ಅಷ್ಟು ಹೊತ್ತಿರಲ್ಲ. ಒದ್ದೆ ಹುಲ್ಲು ಸೊಂಟದ ತನಕ ಬೆಳೆದ್ರೆ ಅವಳು ಕಾಗದಾನ ಗೇಟಿನ ಡಬ್ಬಕ್ಕೇ ಹಾಕಿ ಹೋಗ್ತಾಳೆ. ದಾರಿ ಇದ್ರೆ ಬಾಗಿಲ ತನಕ ಬರ್ತಾಳೆ, ಎರಡು ಮಾತಾಡ್ತಾಳೆ. ವಾರದಲ್ಲಿ ನಾನು ಮಾತಾಡೋದು ಅವಳ ಹತ್ರ ಮಾತ್ರ."

"ಮೊದಲೇ ಕೇಳಿದ್ರೆ ಕಾಲುದಾರಿಗೆ ಅನುಮತಿ ಸಿಗ್ತಿತ್ತಲ್ಲ!"

"ಕೇಳಬೇಕಂತಲೇ ಇದ್ದೆ. ಹೋದ ವರ್ಷ ನೀವು ಬಂದಾಗ ಚಹಾಕ್ಕೆ ಕೂತ್ಕೊಳ್ಳಿ ಅಂದೆ. ನೀವು ನಿಂತೇ ಹೋಗ್ಬಿಟ್ರಿ."

ನನಗೆ ನಾಚಿಕೆಯಾಯಿತು. ತಪಾಸಣೆಗೆ ಹೋದವರು ರೈತರ ಮನೆಯಲ್ಲಿ ಏನನ್ನೂ ಮುಟ್ಟಬಾರದೆಂಬುದು ನಮ್ಮ ವಿಭಾಗದ ರೂಢಿ. ಅದನ್ನು ನಾನು ಮಡಿಯಂತೆ ಪಾಲಿಸುತ್ತಿದ್ದೆ. ಅಂದು ಅಂಗಳದಲ್ಲೇ ನಿಯಮದ ಪುಸ್ತಿಕೆ ಕೈಗಿಟ್ಟು, 'ವಿವರಿಸಲಾಗಿದೆ' ಎಂಬ ಕಡೆ ಟಿಕ್ ಹಾಕಿ, ನಾಲ್ಕೇ ನಿಮಿಷದಲ್ಲಿ ಕಾರು ಹತ್ತಿದ್ದೆ.

ಮನೆಯಲ್ಲಿ ಗಂಡನಿಗೆ ಹೇಳಿದೆ. ಡ್ಯೂಟಿಗೆ ಹೊರಟಿದ್ದವರು ಶೂ ಕಟ್ಟುತ್ತಲೇ, "ಚಹಾ ಕುಡೀಬ್ಯಾಡ ಅಂದಾರ, ಕುಂದರಬ್ಯಾಡ ಅಂತೇನೂ ಅಂದಿಲ್ಲಲ್ಲ?" ಎಂದರು. ಸಿಟ್ಟು ಬಂತು, ಆದರೆ ಮಾತು ಸರಿಯಾಗಿತ್ತು.

ವರದಿಯಲ್ಲಿ ಅಳತೆಯನ್ನು ಇದ್ದಂತೆಯೇ ಬರೆದೆ. ಕೆಳಗೆ, ಕಳೆದ ವರ್ಷ ನಾನು ಹಾಕಿದ ಟಿಕ್ ನಿಜವಲ್ಲ, ನಿಯಮವನ್ನು ನಾನು ವಿವರಿಸಿರಲಿಲ್ಲ ಎಂದೂ ಸೇರಿಸಿದೆ. ಮೇಲಧಿಕಾರಿ ಕರೆದು ಚೆನ್ನಾಗಿ ಉಗಿದರು. ನನ್ನ ಸೇವಾ ದಾಖಲೆಯಲ್ಲಿ ಒಂದು ಕಪ್ಪು ಚುಕ್ಕೆ ಬಿತ್ತು. ನಿಯಮ ವಿವರಿಸದ ತಪ್ಪು ನಮ್ಮದೇ ಆದ್ದರಿಂದ ಹ್ಯಾರಲ್ಡ್ ಅವರ ಒಪ್ಪಂದ ಉಳಿಯಿತು, ಕಾಲುದಾರಿಗೆ ಅನುಮತಿಯೂ ಸಿಕ್ಕಿತು.

ಆ ಅನುಮತಿ ಪತ್ರವನ್ನು ನಾನೇ ಒಯ್ದೆ. ಅವರು ಎರಡು ಸಲ ಓದಿ ಜೇಬಿಗಿಟ್ಟರು.

"ಮತ್ತೆ ಯಾವಾಗ ಬರ್ತೀರಿ?"

"ಇನ್ನು ಮೂರು ವರ್ಷ ಯಾರೂ ಬರೋದಿಲ್ಲ. ಫೈಲ್ ಮುಗೀತು," ಎಂದೆ. ಸಿಹಿಸುದ್ದಿ ಕೊಡುತ್ತಿದ್ದೇನೆಂದೇ ನಗುತ್ತ ಹೇಳಿದೆ.

ಅವರ ಮುಖ ಇಳಿದುಹೋಯಿತು. "ಓ... ಯಾರೂ ಬರಲ್ವಾ?" ಎಂದರು.

ತಪಾಸಣೆಗೆ ರೈತರು ಹೆದರುತ್ತಾರೆಂದೇ ನಮ್ಮ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ತಪಾಸಣೆಗಾದರೂ ಯಾರಾದರೂ ಬರಲಿ ಎಂದು ಕಾಯುವವರೂ ಇದ್ದಾರೆಂಬುದನ್ನು ಕಲಿಯಲು ನನಗೆ ಹನ್ನೊಂದು ವರ್ಷದ ಸರ್ವಿಸ್ ಬೇಕಾಯಿತು.