ಇಪ್ಪತ್ತೈದು ಬಳೆ, ಎರಡು ಕೈ

ಬಳೆ ಆಂಟಿಯ ಹೆಬ್ಬೆರಳಿನ ಬುಡದಲ್ಲಿ ಗಾಜು ಕೊಯ್ದ ಸಣ್ಣ ಸಣ್ಣ ಗೆರೆಗಳಿದ್ದವು. ಆ ಕೈಯಿಂದ ನಮ್ಮ ಕೈಯನ್ನು ಹಿಂಡಿ, ಮಾತಾಡುತ್ತಲೇ ಬಳೆ ಏರಿಸಿಬಿಡುವರು. ನೋವು ಅನ್ನುವಷ್ಟರಲ್ಲಿ ಬಳೆ ಮಣಿಕಟ್ಟಿಗೆ ಬಂದಿರುತ್ತಿತ್ತು. ಅಮೃತಹಳ್ಳಿಯಲ್ಲಿ ನಮ್ಮ ಮನೆಯ ಕೆಳಗೇ ಅವರ ಅಂಗಡಿ.

ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ನನಗೆ ಭಾಗಾಕಾರ ಬರುತ್ತಿರಲಿಲ್ಲ. ನಲವತ್ತು ದಾಟಿದವಳು, ಊರಿಗೆಲ್ಲ ಬುದ್ಧಿ ಹೇಳುವ ಪೋಸ್ಟು ಹಾಕುವವಳು. ಮೂರನೇ ಕ್ಲಾಸಿನ ಮಗಳು ಲೆಕ್ಕದ ಪುಸ್ತಕ ತಂದರೆ ಸಾಕು, ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಒರೆಸಿದ ಒಲೆಯನ್ನೇ ಮತ್ತೆ ಒರೆಸುವೆ, ಒಣಗದ ಬಟ್ಟೆ ಮಡಿಸುವೆ, ಕೊನೆಗೆ "ಸ್ಕೂಲಲ್ಲಿ ಏನ್ ಕಲೀತೀಯಾ ನೀನು?" ಎಂದು ಅವಳನ್ನೇ ಬೈಯುವೆ. ಬರಬರುತ್ತಾ ಅವಳು ಪುಸ್ತಕ ಬಚ್ಚಿಡತೊಡಗಿದಳು. ಆಮೇಲೆ ಲೆಕ್ಕವಷ್ಟೇ ಅಲ್ಲ, ಸ್ಕೂಲಿನ ಯಾವ ಮಾತನ್ನೂ ನನ್ನ ಹತ್ತಿರ ಆಡದಾದಳು. ಆಗ ಹೆದರಿದೆ.

ಒಂದು ಮಧ್ಯಾಹ್ನ ಆಂಟಿಯ ಮುಂದೆ ಬಾಯಿಬಿಟ್ಟೆ. ಅವರು ಇಪ್ಪತ್ತೈದು ಬಳೆ ತೆಗೆದಿಟ್ಟರು.

"ಎರಡು ಕೈಗೆ ಭಾಗ ಮಾಡಮ್ಮಾ."

"ಒಂದಕ್ಕೆ ಹನ್ನೆರಡು, ಇನ್ನೊಂದಕ್ಕೆ ಹದಿಮೂರು." ಒಂದು ಕೈಗೆ ಒಂದು ಬಳೆ ಹೆಚ್ಚು ತೊಡುವುದು ನಮ್ಮ ಮನೆಯ ರೂಢಿ.

ಆಂಟಿ ನಕ್ಕರು. "ಇದು ಮದುವೆ ಮನೆ ಲೆಕ್ಕ. ಸ್ಕೂಲಲ್ಲಿ ಬರೆದ್ರೆ ಸೊನ್ನೆ ಹಾಕ್ತಾರೆ. ಎರಡಕ್ಕೂ ಸಮ ಹಂಚು, ಮಿಕ್ಕಿದ್ದು ಪಕ್ಕಕ್ಕಿಡು."

"ಹನ್ನೆರಡು ಹನ್ನೆರಡು. ಒಂದು ಮಿಕ್ತು."

"ಹಾಂ. ಈಗ ಮಗ್ಗಿ ಹೇಳು. ಏಳೆಂಟ್ಲಿ?"

"ಐವತ್ತಾರು."

"ಐವತ್ತಾರನ್ನ ಏಳು ಜನಕ್ಕೆ ಹಂಚಿದ್ರೆ?"

ಬೆರಳು ಎಣಿಸತೊಡಗಿದೆ.

"ಈಗ ತಾನೇ ಹೇಳಿದ್ಯಲ್ಲ. ಹೋದ ದಾರೀಲೇ ವಾಪಸ್ ಬಾ."

"ಎಂಟು."

ಹತ್ತು ದಿನ ಹೀಗೇ ನಡೆಯಿತು. ಆಂಟಿಗೂ ಒಂದು ಕಡೆ ನಿಂತು ಗೊತ್ತಿಲ್ಲ. ಗಾಜಿನ ಕಪಾಟು ಒರೆಸುತ್ತಾ, ಬಿಸಿಲಿಗೆ ಪರದೆ ಎಳೆಯುತ್ತಾ, ತಿರುಗಿಯೂ ನೋಡದೆ ಕೇಳುವರು: "ಅರವತ್ಮೂರು, ಒಂಬತ್ತು ಜನ?" ಗಿರಾಕಿಗಳ ಎದುರೇ. ನಾಚಿಕೆಯಲ್ಲೇ ಉತ್ತರ ಬರತೊಡಗಿತು. ಇನ್ನು ಮಗಳ ಮುಂದೆ ಎಲ್ಲ ಬಲ್ಲವಳಂತೆ ಕೂರಬಹುದು ಎಂದುಕೊಂಡೆ. ಆಂಟಿ ಬಿಡಲಿಲ್ಲ.

"ಮೊದ್ಲು ಮಗೂಗೆ ನಿಜ ಹೇಳು. ಇಲ್ಲಾಂದ್ರೆ ನಿಂಗೆ ಗೊತ್ತಿಲ್ದಿರೋ ಇನ್ನೊಂದು ಪಾಠ ಬಂದಾಗ ಮತ್ತೆ ಬೈತೀಯ."

ನಾಲ್ಕು ದಿನ ಒದ್ದಾಡಿದೆ. ಐದನೇ ದಿನ, ಅವಳ ಜಡೆ ಹಾಕುವಾಗ ಹೇಳಿದೆ, ಮುಖ ಕಾಣದಿರಲಿ ಎಂದು. "ನಂಗೆ ಭಾಗಾಕಾರ ಬರ್ತಿರ್ಲಿಲ್ಲ ಕಣೆ. ಅದಕ್ಕೇ ಬೈತಿದ್ದೆ."

ಅವಳು ಕೇಳಿದಳು, "ಈಗ ಬರುತ್ತಾ?"

"ಬಳೆ ಆಂಟಿ ಕಲಿಸ್ತಾವ್ರೆ."

"ನಾನೂ ಬರ್ತೀನಿ."

ಹೋದ ವರ್ಷ ಆಂಟಿ ತೀರಿಕೊಂಡರು. ಮಗಳು ಈಗ ಆರನೇ ಕ್ಲಾಸು. ಮೊನ್ನೆ ದಶಮಾಂಶದ ಲೆಕ್ಕ ತಂದಳು. ಎದ್ದು ಹೋಗಬೇಕೆನಿಸಿತು, ಹಾಳು ಅಭ್ಯಾಸ. "ಇದು ನಂಗೆ ಬರಲ್ಲ," ಎಂದೆ.

"ಗೊತ್ತಮ್ಮ, ಕೂತ್ಕೋ," ಎಂದು ಪುಸ್ತಕವನ್ನು ನಮ್ಮಿಬ್ಬರ ನಡುವೆ ಎಳೆದಳು.