ಮಹಾದೇವಕ್ಕನ ಹೀನಾ

ಶಿಗ್ಗಾಂವಿಯ ಪೇಟೆಯಲ್ಲಿ ಮಹಾದೇವಕ್ಕ ಬರುವುದಕ್ಕಿಂತ ಮೊದಲು ಅವಳ ಹೀನಾ ಅತ್ತರದ ವಾಸನೆ ಬರುತ್ತಿತ್ತು. "ಗಂಡಗ ಭಾಳ ಪ್ರೀತಿ, ಶೀಶೆಗಟ್ಟಲೆ ತಂದು ಸುರವತಾನ" ಎಂದು ಓಣಿಯ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ನಗಲಿ ಬಿಡಿ. ಆ ವಾಸನೆ ಕಂಡರೆ ಮಹಾದೇವಕ್ಕನಿಗೆ ಆಗುತ್ತಿರಲಿಲ್ಲ, ತಲೆ ಸಿಡಿಯುತ್ತಿತ್ತು ಎಂಬುದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಅವಳ ಮೂಗೇ ಅಂಥದು. ಹೆಂಗಸರನ್ನು ಅವಳು ಮುಖದಿಂದಲ್ಲ, ವಾಸನೆಯಿಂದ ನೆನಪಿಡುತ್ತಿದ್ದಳು. ತಡಸದ ತವರಿನಲ್ಲಿ ಅವ್ವನ ತುರುಬಿನ ಮರುಗ ಮೂಗಿಗೆ ಬಂದರೆ ಕೂತಲ್ಲೇ ನಿದ್ದೆ ಎಳೆಯುತ್ತಿತ್ತು. ಮದುಮಗಳ ಜಡೆಯ ಕೇದಗೆ ಬಡಿದರೆ ತನ್ನ ಮದುವೆಯ ದಿನ ಕೂಡಿಯೇ ಬಂದಿದ್ದ ಹೆದರಿಕೆಯೂ ಖುಷಿಯೂ ಮತ್ತೆ ಏಳುತ್ತಿದ್ದವು. ಬಾಣಂತಿಯ ಕೂದಲಿಗೆ ಹಿಡಿದ ಲೋಬಾನದ ಹೊಗೆ ಕುಡಿದಳೆಂದರೆ ಯಾರ ಮೇಲೂ ಸಿಟ್ಟು ಉಳಿಯುತ್ತಿರಲಿಲ್ಲ. ಒಮ್ಮೆ ನಾಟಕ ಕಂಪನಿಯ ಹೆಂಗಸರು ಓಣಿಗೆ ಬಂದಾಗ, ಅವರ ಪೌಡರಿನ ವಾಸನೆಗೆ ಈಗಿಂದೀಗ ಎದ್ದು ಎಲ್ಲಿಗಾದರೂ ಹೋಗಿಬಿಡಬೇಕು ಎನಿಸಿತ್ತು. ಎಲ್ಲಿಗೆ ಎಂದು ಮಾತ್ರ ತಿಳಿಯಲಿಲ್ಲ.

ಮೂಗಿಗೂ ಬಾಯಿಗೂ ನಡುವೆ ಅಡ್ಡಗೋಡೆ ಇಲ್ಲದ್ದೇ ದೊಡ್ಡ ಕಷ್ಟ. "ನಿಮ್ಮನ್ಯಾಗ ಹಾಲು ಹೊತ್ತೇತಲ್ಲ?" "ನಿನ್ನ ಸೊಸಿ ಈಗರ ಬೆಲ್ಲಾ ತಿಂದ ಬಂದಾಳ ನೋಡು." ಹೀಗೆ ಎಷ್ಟು ಮನೆಗಳಲ್ಲಿ ಜಗಳ ಹಚ್ಚಿದ್ದಳೋ. ಗಂಡ ಬಸವಣ್ಣೆಪ್ಪ ಕಾಳಿನ ವ್ಯಾಪಾರಿ, ಮಾತು ಕಡಿಮೆ. ಗುಟ್ಟಿನ ವಿಷಯವನ್ನಂತೂ ಹೆಂಡತಿಯ ಮುಂದೆ ಎತ್ತುತ್ತಿರಲಿಲ್ಲ.

ಎರಡನೆಯ ಮಹಾಯುದ್ಧ ಶುರುವಾದ ವರ್ಷ. ಸವಣೂರಿನ ಸಂತೆಯಿಂದ ಬಂದ ಬಸವಣ್ಣೆಪ್ಪನ ಕೋಟಿನಲ್ಲಿ ಹೀನಾ ನಾರಿತು. ಮುಂದಿನ ಸಂತೆಗೂ ಅದೇ. ಅದರ ಮುಂದಿನದಕ್ಕೂ ಅದೇ. ದಪ್ಪ ಕಂಬಳಿ ಮುಖದ ಮೇಲೆ ಎಳೆದಂಥ ವಾಸನೆ.

"ಯಾರದರಿ ಇದು?"

"ಸಂತ್ಯಾಗ ಯಾರದೋ ಹತ್ತಿರಬೇಕು."

ಅಷ್ಟೇ ಉತ್ತರ. ಮಹಾದೇವಕ್ಕ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ರೊಟ್ಟಿ ಹಂಚಿನ ಮೇಲೆ ಸೀದು ಹೋದವು. ಆ ವಾಸನೆಗೆ ತಕ್ಕ ಹೆಂಗಸೊಬ್ಬಳನ್ನು ಮನಸ್ಸಿನಲ್ಲೇ ಕಟ್ಟಿದಳು: ಎತ್ತರದವಳು, ಬೆಳ್ಳಗಿನವಳು, ಮೆಲ್ಲಗೆ ಮಾತಾಡುವವಳು, ರೊಟ್ಟಿ ಬಡಿಯಲು ಬಾರದವಳು. ಕೊನೆಯದೊಂದೇ ತುಸು ಸಮಾಧಾನ.

ಮುಂದಿನ ಸಂತೆಯ ದಿನ ಕೇಳದೆಯೇ ಚಕ್ಕಡಿ ಹತ್ತಿ ಕೂತಳು. "ವೀರವ್ವನ್ನ ನೋಡಬೇಕಾಗೇತಿ" ಎಂದಳು. ವೀರವ್ವ ಗಂಡನ ತಂಗಿ. ಸವಣೂರಿಗೆ ಕೊಟ್ಟಿದ್ದರು, ಹಿಂದಿನ ವರ್ಷ ಗಂಡ ಉಳಿವೆಪ್ಪ ಜ್ವರದಲ್ಲಿ ತೀರಿಕೊಂಡ ಮೇಲೆ ಅತ್ತೆ ಅಡಿವೆವ್ವನ ಜೊತೆಗೇ ಇದ್ದಳು. ನೋಡುವುದು ಬರೀ ನೆಪ. ನಾದಿನಿಗೆ ಮುಖ ತೋರಿಸಿ, ಗಂಡನ ಹಿಂದೆ ಬೀಳಬೇಕೆಂಬುದು ಮಹಾದೇವಕ್ಕನ ಹಂಚಿಕೆ.

ಸವಣೂರಿನ ಪೇಟೆಯಲ್ಲಿ ಬಸವಣ್ಣೆಪ್ಪ ಚಕ್ಕಡಿ ನಿಲ್ಲಿಸಿ ಗೌಸಸಾಬನ ಅತ್ತರದ ಅಂಗಡಿಗೆ ಹೋದ. ಗೌಸಸಾಬ ಚೂರು ಹತ್ತಿಯನ್ನು ಶೀಶೆಯಲ್ಲಿ ಅದ್ದಿ ಕೊಟ್ಟ. ಅದು ಕೋಟಿನ ಒಳಜೇಬಿಗೆ ಇಳಿಯಿತು. ಮಹಾದೇವಕ್ಕನ ಎದೆಯೂ ಅದರ ಜೊತೆಗೇ ಇಳಿಯಿತು.

ತಂಗಿಯ ಮನೆ ಮುಟ್ಟಿದ್ದೇ ಬಸವಣ್ಣೆಪ್ಪ ಮೊದಲು ಒಳಗೆ ನುಗ್ಗಿ, ನೀರು ಕುಡಿದು, ಹೆಂಡತಿ ಕಾಲು ತೊಳೆಯುವಷ್ಟರಲ್ಲಿ ಸಂತೆಗೆ ಹೊರಟುಬಿಟ್ಟ. 'ಹೊಂಟ ನೋಡು, ಆಕಿ ಕಡೆ' ಎಂದುಕೊಂಡಳು. ಆದರೆ ಹಾಗೆಯೇ ಹಿಂದೆ ಓಡುವಂತಿಲ್ಲ. ಗಂಡ ಸತ್ತವಳನ್ನು ನೋಡಲು ಹೋದ ನೆಂಟರ ಹೆಂಗಸು ಅವಳನ್ನು ಅಪ್ಪಿಕೊಂಡು ಒಂದು ಗಳಿಗೆ ಅತ್ತೇ ಮಾತಿಗೆ ಕೂಡಬೇಕು, ಈ ಕಡೆಯ ಪದ್ಧತಿ ಅದು. ಅಪ್ಪಿಕೊಂಡಳು.

ವೀರವ್ವನ ಸೆರಗಿನೊಳಗಿಂದ ಹೀನಾ ಎದ್ದು ಬಂತು.

"ಹೀನಾ!" ಎಂದು ಕೂಗಿಯೇಬಿಟ್ಟಳು ಮಹಾದೇವಕ್ಕ. ಹಾಳು ಬಾಯಿ.

ಎಲೆ ಅಡಿಕೆ ಕುಟ್ಟುತ್ತಿದ್ದ ಅಡಿವೆವ್ವನ ಕೈ ನಿಂತಿತು. "ಏನಂದಿ?"

ತೋಳಿನೊಳಗೇ ವೀರವ್ವ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡಳು. ಹೂವು ಇಲ್ಲ, ಬಳೆ ಇಲ್ಲ; ಅತ್ತರ ಹಚ್ಚಿಕೊಂಡಳೆಂದು ಗೊತ್ತಾದರೆ ಆ ಮುದುಕಿ ಅವಳನ್ನು ಅಂಗಳದಲ್ಲಿ ಕೂಡ ನಿಲ್ಲಗೊಡುವುದಿಲ್ಲ. ಗಂಡ ಹತ್ತಿ ತಂದದ್ದು ತಂಗಿಗೆ; ಮಹಾದೇವಕ್ಕನ ಗಂಡನೂ ಉಳಿದ, ಮಾನವೂ ಉಳಿಯಿತು. ವೀರವ್ವನದು ತನ್ನ ಒಂದು ಮಾತಿನಿಂದ ಹೋಗುತ್ತದೆ. ಅಪ್ಪಿಕೊಂಡ ಕೈ ಬಿಡಲಿಲ್ಲ. ಬೆರಳು ಸೆರಗಿನೊಳಗೆ ಹೋಗಿ ವೀರವ್ವನ ಕಿವಿಯ ಮಡಿಕೆಯಿಂದ ಹತ್ತಿಯನ್ನು ಕಿತ್ತು ತನ್ನ ಕಿವಿಗೆ ಸಿಗಿಸಿಕೊಂಡಿತು.

"ಹೀನಾ ಅತ್ತರರಿ, ಅತ್ತಿ. ನಾ ಹಚ್ಚಿಕೊಂಡೇನಿ. ಈಕಿಗೆ ಹತ್ತತೈತಿ ಅಂತ ಅಂದೆ."

ಅಡಿವೆವ್ವ ಎದ್ದು ಬಂದಳು. "ಸಂತಿ ದಿನ ಸಂತಿ ದಿನ ನಮ್ಮನ್ಯಾಗ ಇದ ವಾಸನಿ."

"ನಿಮ್ಮ ಬೀಗರ ಕೋಟಿಂದರಿ. ನಂದ ಅವರಿಗೆ ಹತ್ತಿರತೈತಿ."

ಮುದುಕಿ ಮಹಾದೇವಕ್ಕನ ಕಿವಿಯ ತನಕ ಮೂಗು ತಂದಳು. ಬಹಳ ಹೊತ್ತು ಹಾಗೇ ನಿಂತಳು. ಆಮೇಲೆ ಒಳಗೆ ಹೋದಳು.

ಹಿತ್ತಲಿನಲ್ಲಿ ವೀರವ್ವ ಅತ್ತಳು. ಈ ಸಲ ಪದ್ಧತಿಗಲ್ಲ. "ನಮ್ಮನಿಯವರ ವಾಸನಿರಿ ಅದು, ವೈನಿ. ದಿನಾ ಹಚ್ಚಿಕೊಂತಿದ್ರು. ಅಂಗಿ, ಹಾಸಿಗಿ ಎಲ್ಲಾ ಒಗದು ಮಂದಿಗೆ ಕೊಟ್ಟಬಿಟ್ರು, ಏನೂ ಉಳೀಲಿಲ್ಲ. ಅಣ್ಣಗ ನಾನ ಬೇಡಿದ್ದೆ. ನಿಮಗ ಹೇಳಬ್ಯಾಡ ಅಂತನೂ ನಾನ ಅಂದಿದ್ದೆ."

ಮಹಾದೇವಕ್ಕನಿಗೆ ನಾಚಿಕೆಯಾಯಿತು. ಎತ್ತರದ ಬೆಳ್ಳಗಿನ ಆ ಹೆಂಗಸು ಎಲ್ಲಿ ಹೋದಳೋ.

ಹೊರಡುವಾಗ ಅಡಿವೆವ್ವ ಚಕ್ಕಡಿಯ ತನಕ ಬಂದಳು. ಯಾರನ್ನೂ ಬಾಗಿಲು ದಾಟಿ ಕಳಿಸಿಕೊಟ್ಟವಳಲ್ಲ. ಇನ್ನೇನು ಬೈಗುಳ ಬಿತ್ತು ಎಂದು ಮಹಾದೇವಕ್ಕ ತಲೆ ತಗ್ಗಿಸಿದಳು.

"ಮಾದೇವಿ, ಮುಂದಿನ ಸಂತಿಗೂ ಬಾ" ಎಂದಳು ಮುದುಕಿ. ಸೊಸೆ ಬಾಗಿಲಲ್ಲಿದ್ದಾಳೋ ಎಂದು ತಿರುಗಿ ನೋಡಿ, ದನಿ ಇಳಿಸಿದಳು. "ಹಚ್ಚಿಕೊಂಡ ಬಾ. ನನ್ನ ಮಗನ ವಾಸನಿ ಅದು."

ಕಿವಿಯಲ್ಲಿದ್ದ ಹತ್ತಿಗೆ ದಾರಿಯುದ್ದಕ್ಕೂ ಮಹಾದೇವಕ್ಕನ ತಲೆ ಸಿಡಿಯಿತು.

ಅಲ್ಲಿಂದ ಮುಂದೆ ಪ್ರತಿ ಸಂತೆಗೂ ಮಹಾದೇವಕ್ಕ ಸವಣೂರಿಗೆ ಹೋದಳು, ಎರಡೂ ಕಿವಿಗೆ ಹೀನಾ ಇಟ್ಟುಕೊಂಡು. ಬಾಗಿಲಲ್ಲಿ ಮುದುಕಿ ಅಪ್ಪಿಕೊಳ್ಳುತ್ತಿದ್ದಳು, ಹಿತ್ತಲಲ್ಲಿ ವೀರವ್ವ. ಇಬ್ಬರೂ ಬೇಗ ಬಿಡುತ್ತಿರಲಿಲ್ಲ. ಅತ್ತೆ ಯಾಕೆ ಬಿಡುವುದಿಲ್ಲವೆಂದು ಸೊಸೆಗಾಗಲಿ, ಸೊಸೆ ಯಾಕೆ ಬಿಡುವುದಿಲ್ಲವೆಂದು ಅತ್ತೆಗಾಗಲಿ ಮಹಾದೇವಕ್ಕ ಯಾವತ್ತೂ ಹೇಳಲಿಲ್ಲ.